ಬೇಡವೋ, ಬೇಗವೋ

ಹದಿನೇಳು ಸೆಕೆಂಡಿನ ಆ ತುಣುಕನ್ನು ಬೆಳಗಿನಿಂದ ಅರವತ್ತು ಸಲವಾದರೂ ನೋಡಿರಬೇಕು, ಈಗ ಕಣ್ಣು ಮುಚ್ಚಿದರೂ ಟೀಚರಿಗೆ ಅದೇ ಕಾಣುತ್ತಿತ್ತು. ಗರಗಸ ಎನ್ನುವ ಪೈಲ್ವಾನನ ಎರಡು ತೊಡೆಗಳ ನಡುವೆ ಸಿಕ್ಕಿಕೊಂಡ ಇನ್ನೊಬ್ಬ ಪೈಲ್ವಾನ ಚಿನ್ನನ ತಲೆ, ಬೆವರಿಗೆ ಹಣೆಗೆ ಮೆತ್ತಿದ ಕೂದಲು, ಒಂದು ಕಣ್ಣು ಮುಚ್ಚಿ ಇನ್ನೊಂದು ಅರೆತೆರೆದು. ತುಟಿಗಳು ಕೂಡುತ್ತವೆ, ಬಿಡುತ್ತವೆ, ಎರಡು ಪಕ್ಕಕ್ಕೂ ಕೊಂಚ ಹಿಗ್ಗುತ್ತವೆ, ಆಮೇಲೆ ಸಡಿಲವಾಗಿ ತೆರೆದುಕೊಳ್ಳುತ್ತವೆ. ಅಷ್ಟೇ. ಮರುಕ್ಷಣ ಚಿನ್ನನ ಕಾಲುಗಳು ನೆಲ ಬಿಟ್ಟು ಮೇಲೆದ್ದು, ದೇಹ ತಲೆಕೆಳಗಾಗಿ, ಗರಗಸ ಅದನ್ನು ತಬ್ಬಿಕೊಂಡೇ ಧೊಪ್ಪೆಂದು ಕೂರುತ್ತಾನೆ. ಧೊಪ್ಪೆಂದು ಎನ್ನುವುದು ಟೀಚರ್ ತಾನೇ ಸೇರಿಸಿಕೊಂಡದ್ದು. ಆ ರೀಲಿಗೆ ಧ್ವನಿ ಇರಲಿಲ್ಲ. ಇದ್ದಿದ್ದರೂ ಅವಳಿಗೆ ಕೇಳುತ್ತಿರಲಿಲ್ಲ. ಒಂಬತ್ತನೇ ವಯಸ್ಸಿನ ಜ್ವರ ಎರಡೂ ಕಿವಿಗಳನ್ನು ತೆಗೆದುಕೊಂಡು ಹೋಗಿ ಐವತ್ತು ವರ್ಷವಾಗಿತ್ತು. "ಇನ್ನೊಂದ್ಸಲ," ಎಂದಳು. ಎಡಿಟರ್ ಏನೋ ಹೇಳಿದ. ಅವನ ಗಡ್ಡಮೀಸೆ ತುಟಿಯನ್ನು ಪೂರ್ತಿ ನುಂಗಿಬಿಟ್ಟಿದ್ದರಿಂದ ಅವನು ಅವಳ ಪಾಲಿಗೆ ಬೆಳಗಿನಿಂದ ಮೂಗನೇ ಆಗಿದ್ದ. ಬೈದಿರಬಹುದು, ಸರಿ ಅಂದಿರಬಹುದು. ತುಣುಕು ಮತ್ತೆ ಶುರುವಾಯಿತು.

ಅವಳಿಗೆ ಕುಸ್ತಿಯ ಗಂಧಗಾಳಿ ಇರಲಿಲ್ಲ. ಹದಿನೈದು ದಿನದ ಹಿಂದೆ ಕಿವುಡು ಮಕ್ಕಳ ಶಾಲೆಗೆ ಚಿತ್ರದ ನಿರ್ದೇಶಕಿ ತನ್ನನ್ನು ಹುಡುಕಿಕೊಂಡು ಬಂದಾಗ, ಮಹಾಕಾಳಗ ಅಂದರೆ ಏನು ಎಂದು ಕೇಳಿ ಆ ಹುಡುಗಿಯನ್ನು ಗಾಬರಿಪಡಿಸಿದ್ದಳು. ವರ್ಷಕ್ಕೊಮ್ಮೆ ನಡೆಯುವ ಕುಸ್ತಿಯ ದೊಡ್ಡ ಆಟ. ಸೈಕಲ್ ರೇಸಿನ ಮೈದಾನದಲ್ಲಿ ಮುನ್ನೂರು ಮಡಚು ಕುರ್ಚಿ ಹಾಕಿ ಶುರುವಾದದ್ದು ಈಗ ಐವತ್ತು ಸಾವಿರ ಜನ ಸೇರುವಷ್ಟು ಬೆಳೆದಿದೆ. ನಲವತ್ತು ವರ್ಷ ತುಂಬಿದ್ದಕ್ಕೆ ಅದರ ಚರಿತ್ರೆಯನ್ನು ಸಾಕ್ಷ್ಯಚಿತ್ರ ಮಾಡುತ್ತಿದ್ದಾರೆ. ಗೆಲ್ಲುವವನು ಯಾರು, ಸೋಲುವವನು ಯಾರು ಎನ್ನುವುದು ಮೊದಲೇ ನಿಶ್ಚಯವಾಗಿರುತ್ತದಂತೆ. ಬೈಗುಳ, ಎದೆ ತಟ್ಟುವುದು, ಕುರ್ಚಿ ಎತ್ತಿ ಹೊಡೆಯುವುದು ಎಲ್ಲಾ ಒಪ್ಪಂದದ ಮೇಲೆ. "ಹಾಗಾದ್ರೆ ನಾಟಕ," ಎಂದಿದ್ದಳು ಟೀಚರ್. "ಜಗಳ ನಾಟಕ. ಬೀಳೋದು ನಿಜ, ಮೇಡಂ," ಎಂದಿದ್ದಳು ನಿರ್ದೇಶಕಿ. ಆ ಮಾತು ಟೀಚರಿಗೆ ಹಿಡಿಸಿತ್ತು. ಒಂದು ಒಪ್ಪಂದದಲ್ಲಿ ಇಬ್ಬರು ಗಂಡಸರು ಸಾವಿರಾರು ಜನರ ಮುಂದೆ ಬೆತ್ತಲೆ ಮೈಯಲ್ಲಿ ತಬ್ಬಿಕೊಂಡು, ದ್ವೇಷಿಗಳ ಥರ ಮುಖ ಮಾಡಿಕೊಂಡು, ಗುಟ್ಟಾಗಿ ಒಬ್ಬರಿಗೊಬ್ಬರು ಏನು ಹೇಳಿಕೊಳ್ಳುತ್ತಾರೆ? ಈ ಕುತೂಹಲವೇ ಅವಳನ್ನು ಇಲ್ಲಿಯತನಕ ಎಳೆದುಕೊಂಡು ಬಂದದ್ದು. ಬೆಳಿಗ್ಗೆ ಬೇರೆ ಬೇರೆ ವರ್ಷದ ತುಣುಕುಗಳಲ್ಲಿ ತುಟಿ ಓದುವಾಗ ಅವಳಿಗೆ ಮಕ್ಕಳ ಹಾಗೆ ಖುಷಿಯಾಗಿತ್ತು. ಕತ್ತು ಹಿಸುಕುತ್ತಿದ್ದವನು "ಮಂಡಿ ಹೇಗಿದೆ?" ಎಂದು ಕೇಳುತ್ತಿದ್ದ. ಹಿಸುಕಿಸಿಕೊಳ್ಳುತ್ತಿದ್ದವನು "ಪರವಾಗಿಲ್ಲ, ಎಡಗಡೆ ಬೀಳ್ತೀನಿ," ಎನ್ನುತ್ತಿದ್ದ. ಒಬ್ಬ ಎದುರಾಳಿಯ ಎದೆಯ ಮೇಲೆ ಕೂತು, ಹಲ್ಲು ಕಡಿಯುತ್ತಾ, "ನಿಮ್ಮ ಭಾವ ಸಿಕ್ಕಿದ್ರು," ಎಂದಿದ್ದ. ಅದನ್ನು ಓದಿ ಹೇಳಿದಾಗ ಪಕ್ಕದಲ್ಲಿದ್ದ ಅಕ್ಕ ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

ಅಕ್ಕ ಜೊತೆಗಿರುವುದು ಹಳೆಯ ರೂಢಿ. ಕಚೇರಿ, ಆಸ್ಪತ್ರೆ, ಬ್ಯಾಂಕು, ಹೊಸ ಜಾಗ ಎಲ್ಲಿಗೆ ಹೋದರೂ ಜೊತೆಗೆ ಬರುತ್ತಾಳೆ. ಜನ ತನ್ನನ್ನು ಬಿಟ್ಟು ಅಕ್ಕನ ಹತ್ತಿರ ಮಾತಾಡುತ್ತಾರೆ. ಅದೂ ರೂಢಿಯೇ, ಆದರೂ ಪ್ರತಿಸಲ ಎಲ್ಲೋ ಒಂದು ಮುಳ್ಳು. "ಅವರಿಗೆ ಕಾಫಿ ಬೇಕಾ ಕೇಳಿ," ಎಂದಿದ್ದಳು ನಿರ್ದೇಶಕಿ ಬೆಳಿಗ್ಗೆ. "ಅವಳನ್ನೇ ಕೇಳಿ, ಕಚ್ಚಲ್ಲ," ಎಂದಿದ್ದಳು ಅಕ್ಕ. ಆಮೇಲಿಂದ ನಿರ್ದೇಶಕಿ ನೇರವಾಗಿ ಮಾತಾಡುತ್ತಾಳೆ, ಆದರೆ ಕೂಸಿಗೆ ತುತ್ತು ಕೊಡುವವಳ ಹಾಗೆ ಬಾಯನ್ನು ಅಷ್ಟಗಲ ಮಾಡಿ. ಹಾಗೆ ಮಾಡಿದರೆ ತುಟಿಯ ಆಕಾರವೇ ಕೆಟ್ಟು ಏನೂ ತಿಳಿಯುವುದಿಲ್ಲ ಎಂದು ಹೇಳಬೇಕು. ಹೇಳಲಿಲ್ಲ.

"ಏ-ನಂ-ದ ಮೇಡಂ?"

"ಬೇ ಅಂತ ಶುರುವಾಗುತ್ತೆ. ಪೇ, ಮೇ ಕೂಡ ತುಟಿಗೆ ಹೀಗೇ, ಆದ್ರೆ ಅವಕ್ಕೆ ಇಲ್ಲಿ ಹೊಂದೋ ಪದ ಇಲ್ಲ. ಆಮೇಲೆ ಡ ಇರಬಹುದು, ಗ ಇರಬಹುದು. ಎರಡೂ ಬಾಯೊಳಗೇ ಆಗೋ ಅಕ್ಷರ. ಎದುರಿಗೆ ಕೂತು ಹೇಳಿದ್ರೆ ಡ-ಗೆ ನಾಲಿಗೆ ಮಡಚೋದು ಒಂದಿಷ್ಟು ಕಾಣುತ್ತೆ. ಈ ರೀಲಲ್ಲಿ ಬಾಯೊಳಗೆಲ್ಲ ಕತ್ತಲು."

"ಅಂದ್ರೆ?"

"ಬೇಡ ಅಂದಿರಬಹುದು. ಬೇಗ ಅಂದಿರಬಹುದು."

ನಿರ್ದೇಶಕಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. ಅವಳ ಕಣ್ಣಿನಲ್ಲಿ ಬಂದ ಹೊಳಪು ಟೀಚರಿಗೆ ಅಪರಿಚಿತವಲ್ಲ. ಮೂರನೇ ವರ್ಷದ ಮಹಾಕಾಳಗದಲ್ಲಿ ಈ ಒಂದು ಪಟ್ಟಿನಿಂದ, ಕುಸ್ತಿಯವರು ಇದನ್ನು ಗೂಟ ಎನ್ನುತ್ತಾರಂತೆ, ಚಿನ್ನನ ಕತ್ತಿನ ಮೂಳೆ ಮುರಿಯಿತು. ಅವನು ಮತ್ತೆ ಎದ್ದು ನಡೆಯಲಿಲ್ಲ. ಹನ್ನೆರಡು ವರ್ಷ ಮಲಗಿದ್ದು ತೀರಿಕೊಂಡ. ಗರಗಸ ಬೇಕೆಂತಲೇ ಮಾಡಿದನೆಂದು ಅರ್ಧ ಜನ ಇವತ್ತಿಗೂ ನಂಬುತ್ತಾರೆ. ಗರಗಸ ವಿಚಾರಣೆಯಲ್ಲಿ ಹೇಳಿದ್ದು ಒಂದೇ ಮಾತು: ಅವನು ತಯಾರಾಗಿದ್ದ, ಸನ್ನೆ ಕೊಟ್ಟ, ನಾನು ಎತ್ತಿದೆ. ಕುಸ್ತಿಯವರಲ್ಲಿ ಒಂದು ಕಟ್ಟಳೆ ಇತ್ತು: ತಲೆ ಸಿಕ್ಕಿಸಿಕೊಂಡವನು ಎದುರಾಳಿಯ ತೊಡೆಯನ್ನು ಎರಡು ಸಲ ಒತ್ತಿದರೆ ಎತ್ತು ಎಂದು ಅರ್ಥ. ಆ ಕೈಗಳಿದ್ದದ್ದು ಮುಂದಿನ ಕಡೆ. ಕ್ಯಾಮೆರಾ ಇದ್ದದ್ದು ಹಿಂದೆ, ನೆಲದ ಮಟ್ಟದಲ್ಲಿ.

"ಬೇಡ ಅಂದ್ರೆ ಇಡೀ ಚಿತ್ರ ಎದ್ದು ನಿಲ್ಲುತ್ತೆ ಮೇಡಂ. ಬೇಗ ಅಂದ್ರೂ ಸರಿ, ಪಾಪ ಅವರ ಮೇಲಿನ ಆರೋಪ ಹೋಗುತ್ತೆ. ಯಾವುದಾದ್ರೂ ಒಂದು ಹೇಳಿ. ಮೂರು ಗಂಟೆಗೆ ಗರಗಸ ಅವರೇ ಬರ್ತಿದಾರೆ. ನೀವು ಕೊಟ್ಟ ಪದವನ್ನ ಕೆಳಗೆ ಹಾಕಿ ಈ ತುಣುಕನ್ನ ಅವರಿಗೆ ತೋರಿಸ್ತೀವಿ. ಆಗ ಅವರ ಮುಖ ಶೂಟ್ ಮಾಡಬೇಕು."

ಯಾವುದಾದರೂ ಒಂದು. ಹದಿನಾಲ್ಕನೇ ವಯಸ್ಸಿನಲ್ಲೂ ಅವಳು ಅದನ್ನೇ ಮಾಡಿದ್ದಳು. ಕಿವಿ ಹೋದ ಹುಡುಗಿ ತುಟಿ ಓದಲು ಕಲಿತದ್ದು ಮನೆಯಲ್ಲಿ ಎಲ್ಲರಿಗಿಂತ ಅಮ್ಮನಿಗೆ ಉಪಯೋಗಕ್ಕೆ ಬಂತು. ನೆಂಟರು ಬಂದರೆ ಅಮ್ಮ ಸೊಂಟಕ್ಕೆ ತಿವಿದು, "ಅಲ್ಲೇನು ಪಿಸಿಪಿಸಿ, ನೋಡೇ," ಎನ್ನುತ್ತಿದ್ದಳು. ಹಾಗೆ ನೋಡಿ ನೋಡಿ ಓಣಿಯ ಎಷ್ಟೋ ಗುಟ್ಟುಗಳನ್ನು ಅವಳು ಅಮ್ಮನ ಮಡಿಲಿಗೆ ತಂದು ಹಾಕಿದ್ದಳು. ಅಕ್ಕನಿಗೆ ಗಂಡು ನಿಶ್ಚಯವಾಗಿ ಎರಡು ವಾರವಾಗಿತ್ತು. ಅಕ್ಕ ಟೈಪಿಂಗ್ ಕ್ಲಾಸಿನ ಗಾಜಿನ ಬಾಗಿಲಿನ ಆಚೆ ಗೆಳತಿಯ ಜೊತೆ ನಿಂತಿದ್ದಳು, ರಸ್ತೆಯ ಈಚೆ ಅಮ್ಮ ಮತ್ತು ತಾನು. ಅಕ್ಕ ಗಂಡಿನ ವಿಷಯವೇ ಮಾತಾಡುತ್ತಿದ್ದಳು, ತುಟಿ ಸ್ಪಷ್ಟವಾಗಿತ್ತು: ಅವನು ಅಪ್ಪನ ಥರ. ಅಥವಾ, ಅವನು ಅಮ್ಮನ ಥರ. ಪ ಮತ್ತು ಮ ತುಟಿಗೆ ಒಂದೇ. ಇವತ್ತಿಗೂ ತರಗತಿಯಲ್ಲಿ ಅವಳು ಮಕ್ಕಳಿಗೆ ಮೊದಲು ಹೇಳುವ ತಮಾಷೆ ಅದು, ಕನ್ನಡಿಯೊಳಗೆ ಅಪ್ಪ ಅಮ್ಮ ಇಬ್ಬರೂ ಒಬ್ಬರೇ ಎಂದು. ಆದರೆ ಅವರ ಮನೆಯಲ್ಲಿ ಅಪ್ಪ ಎಂದರೆ ಗೋಡೆಗೆ ಬಡಿದ ತಟ್ಟೆ, ಬಾಗಿಲ ಹಿಂದೆ ಅವಿತ ಮಕ್ಕಳು. "ಅಪ್ಪನ ಥರ ಅಂತಾಳೆ," ಎಂದಿದ್ದಳು ಅವಳು. ಅಮ್ಮನ ಮುಖದಲ್ಲಿ ರಕ್ತ ಉಳಿಯಲಿಲ್ಲ. ವಾರದೊಳಗೆ ಸಂಬಂಧ ಮುರಿಯಿತು. ಏನೋ ನೆಪ ಹೇಳಿದರು. ಅಕ್ಕ ಮುಂದೆ ಮದುವೆಯಾಗಲಿಲ್ಲ. ಆ ಹೊತ್ತಿಗೇ ಪ ಮತ್ತು ಮ ಒಂದೇ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಅಕ್ಕ ಹೋದರೆ ಆ ಮನೆಯಲ್ಲಿ ತನ್ನ ಕಡೆ ಮುಖ ತಿರುಗಿಸಿ ಮಾತಾಡುವವರು ಯಾರೂ ಇರುವುದಿಲ್ಲ ಎನ್ನುವುದು ಇನ್ನೂ ಚೆನ್ನಾಗಿ ಗೊತ್ತಿತ್ತು.

ಊಟದ ಹೊತ್ತಿಗೆ ಸ್ಟುಡಿಯೋದ ಕೆಳಗಿನ ಕ್ಯಾಂಟೀನಿನಲ್ಲಿ ಇಬ್ಬರೇ ಎದುರುಬದುರಾಗಿ ಕೂತಾಗ, ಬಾಯಿಗೆ ಬಂದೇಬಿಟ್ಟಿತು. ಯಾಕೆ ಇವತ್ತು ಎಂದು ಅವಳಿಗೇ ಗೊತ್ತಾಗಲಿಲ್ಲ.

"ಅಕ್ಕಾ, ಟೈಪಿಂಗ್ ಕ್ಲಾಸಿನ ಹತ್ತಿರ ನಿನ್ನ ಗೆಳತಿಗೆ ಅವತ್ತು ಏನು ಹೇಳ್ತಿದ್ದೆ? ಗಂಡಿನ ವಿಷಯ?"

ಧ್ವನಿ ಜೋರಾಯಿತೇನೋ, ಪಕ್ಕದ ಮೇಜಿನವರು ತಿರುಗಿ ನೋಡಿದರು. ಅಕ್ಕ ಎಂದಿನ ಹಾಗೆ ಅವಳ ಮೊಣಕೈ ತಟ್ಟಿ, "ಮೆಲ್ಲಗೆ," ಎಂದಳು. ತಟ್ಟೆಯಲ್ಲಿದ್ದ ಸೌತೆಕಾಯಿ ಹೋಳನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಸಿದಳು.

"ಯಾವತ್ತು?"

"ನಿನಗೆ ಗೊತ್ತು ಯಾವತ್ತು ಅಂತ."

"ನಲವತ್ತೈದು ವರ್ಷದ ಮಾತು ಯಾರಿಗೆ ನೆನಪಿರುತ್ತೆ? ನೆನಪಿಲ್ಲ," ಎಂದಳು ಅಕ್ಕ. ಆಮೇಲೆ ನೀರಿನ ಜಗ್ಗಿನ ಕಡೆ ಮುಖ ತಿರುಗಿಸಿ ಇನ್ನೂ ಏನೋ ಹೇಳಿದಳು. ಕೆನ್ನೆಯ ಸ್ನಾಯು ಅಲುಗಿದ್ದು ಮಾತ್ರ ಕಂಡಿತು. ಐವತ್ತು ವರ್ಷದಲ್ಲಿ ಅಕ್ಕ ಅವಳ ಜೊತೆ ಮುಖ ತಿರುಗಿಸಿಕೊಂಡು ಮಾತಾಡಿದ್ದು ಅವಳಿಗೆ ಜ್ಞಾಪಕವಿಲ್ಲ. ಏನಂದೆ ಎಂದು ಕೇಳಬೇಕೆನಿಸಿತು. ನೀರು ಕುಡಿದು ಲೋಟ ಕೆಳಗಿಟ್ಟಾಗ ಅಕ್ಕನ ಮುಖ ಎಂದಿನ ಮುಖವೇ ಆಗಿತ್ತು. "ಮೊಸರು ಹುಳಿ ಬಂದಿದೆ, ತಿನ್ನಬೇಡ," ಎಂದಳು.

ಮೂರು ಗಂಟೆಗೆ ಹತ್ತು ನಿಮಿಷ ಇರುವಾಗ ಗರಗಸ ಬಂದ. ಪೋಸ್ಟರುಗಳಲ್ಲಿ ಹಲ್ಲಿನ ನಡುವೆ ಸರಪಳಿ ಕಚ್ಚಿಕೊಂಡಿದ್ದ ಆ ಮನುಷ್ಯ ಈಗ ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿ ತೊಟ್ಟ, ಹುಬ್ಬು ಸಹ ನೆರೆತ ಮುದುಕ. ಕುಸ್ತಿ ಬಿಟ್ಟ ಮೇಲೆ ಮೂವತ್ತು ವರ್ಷ ಮಕ್ಕಳಿಗೆ ಈಜು ಕಲಿಸಿದ್ದನಂತೆ. ಗಡ್ಡ ನುಣ್ಣಗೆ ಬೋಳಿಸಿದ್ದ. ಅದಕ್ಕಾಗಿಯೇ ಟೀಚರಿಗೆ ಅವನು ಮೊದಲ ನೋಟಕ್ಕೇ ಹಿಡಿಸಿಬಿಟ್ಟ. ಅವನ ಮುಂದೆ ಏಕಾಏಕಿ ಒಂದು ಪದವನ್ನು ಹಿಡಿದು ಮುಖ ನೋಡುವುದು ಎಂದರೆ ಏನು ಎಂದು ಆಗ ಅವಳಿಗೆ ಅರ್ಥವಾಯಿತು. ನಿರ್ದೇಶಕಿಯನ್ನು ಪಕ್ಕಕ್ಕೆ ಕರೆದು, "ಪದ ಕೊಡೋಕೆ ಮುಂಚೆ ನಾನು ಇವರ ಹತ್ತಿರ ಹತ್ತು ನಿಮಿಷ ಮಾತಾಡಬೇಕು. ಒಬ್ಬಳೇ," ಎಂದಳು. ನಿರ್ದೇಶಕಿ ಅಕ್ಕನ ಮುಖ ನೋಡಿದಳು. ಅಕ್ಕ, "ನನ್ನನ್ನ ಯಾಕೆ ನೋಡ್ತೀರಿ, ಕೇಳ್ತಿರೋದು ಅವಳು," ಎಂದಳು.

ಡಬ್ಬಿಂಗ್ ಕೋಣೆಯಲ್ಲಿ ದಪ್ಪ ಕಂಬಳಿಯ ನೆಲ, ಗೋಡೆಗೆಲ್ಲ ಸ್ಪಂಜು, ಒಂದು ಬದಿಗೆ ಎರಡು ಪದರದ ಗಾಜು. ಸಂದರ್ಶನಕ್ಕೆಂದು ಕುರ್ಚಿ, ದೀಪ, ಕ್ಯಾಮೆರಾ ಎಲ್ಲಾ ಇಟ್ಟಾಗಿತ್ತು. ಯಾವುದೂ ಇನ್ನೂ ಶುರುವಾಗಿರಲಿಲ್ಲ. ಗರಗಸ ಕೂರಲಿಲ್ಲ.

"ನೀವೇನಾ ಬಾಯಿ ಓದೋರು?" ಎಂದ. ಬಾಯಿ ಅಗಲಿಸದೆ, ಅವಸರವಿಲ್ಲದೆ, ಅವಳ ನೇರಕ್ಕೆ ನಿಂತು ಕೇಳಿದ. "ಏನಂದ ಅವನು?"

ಆ ಪ್ರಶ್ನೆಯಲ್ಲಿ ಅವಳು ನಿರೀಕ್ಷಿಸದ ಒಂದು ಸಂಗತಿ ಇತ್ತು. ಅವನಿಗೆ ಗೊತ್ತಿಲ್ಲ. ಅವನಿಗೂ ಗೊತ್ತಿಲ್ಲ.

"ನಿಮಗೆ ಕೇಳಿಸಲಿಲ್ವಾ?"

"ಆ ಗಲಾಟೆಯಲ್ಲಿ ನನಗೆ ನನ್ನ ಉಸಿರೇ ಕೇಳಿಸ್ತಿರಲಿಲ್ಲ. ಅವನು ಏನೋ ಹೇಳಿದ ಅಂತಲೇ ನನಗೆ ಗೊತ್ತಿರಲಿಲ್ಲ. ಹೋದ ತಿಂಗಳು ಈ ಹುಡುಗಿ ಫೋನ್ ಮಾಡಿ, ರೀಲು ಸಿಕ್ಕಿದೆ, ತುಟಿ ಅಲುಗುತ್ತೆ ಅಂದಳು. ಅವತ್ತಿಂದ ನಿದ್ದೆ ಇಲ್ಲ."

ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಬೇಡ ಇರಬಹುದು, ಬೇಗ ಇರಬಹುದು, ತುಟಿಗೆ ಎರಡೂ ಒಂದೇ, ನೂರು ಸಲ ನೋಡಿದರೂ ನನಗೆ ಇದಕ್ಕಿಂತ ಹೆಚ್ಚು ಕಾಣುವುದಿಲ್ಲ. ಬೇಗ ಎಂದು ಹೇಳಿಬಿಡಬಹುದಿತ್ತು. ಆ ಮುದುಕ ಇನ್ನು ಎಷ್ಟು ವರ್ಷ ಇರುತ್ತಾನೆ, ಒಂದು ಅಕ್ಷರ ಕೊಟ್ಟರೆ ನನ್ನ ಗಂಟೇನು ಹೋಗುತ್ತದೆ ಎಂದು ಮನಸ್ಸು ಹೇಳುತ್ತಿತ್ತು. ಆದರೆ ಒಮ್ಮೆ ಒಂದಕ್ಷರ ಕೊಟ್ಟವಳು ಅವಳು.

ಗರಗಸ ತನ್ನೊಳಗೇ ಎರಡೂ ಪದಗಳನ್ನು ಹೇಳಿನೋಡಿದ. ಬೇಡ. ಬೇಗ. ಗಾಜಿನಲ್ಲಿ ತನ್ನ ಬಾಯನ್ನೇ ನೋಡಿಕೊಂಡ. ಆಮೇಲೆ, ಅಂಗಡಿಯಲ್ಲಿ ಚಪ್ಪಲಿ ಹಾಕಿನೋಡುವಷ್ಟು ಸಹಜವಾಗಿ, "ಅವನು ಅಲ್ಲಿಂದ ಹೇಗೆ ಹೇಳಿರಬಹುದು ಅಂತ ನೋಡೋಣ," ಎಂದ. "ನಾನು ಬಗ್ಗೋ ಹಾಗಿಲ್ಲ, ಸೊಂಟ ಹೋಗಿದೆ. ನೀವು ಬಗ್ಗಿ ನೋಡ್ತೀರಾ? ನಾನು ಎತ್ತಲ್ಲ, ಮುಟ್ಟೋದೂ ಇಲ್ಲ."

ಐವತ್ತೊಂಬತ್ತು ವರ್ಷದ ಟೀಚರ್, ಸ್ಟುಡಿಯೋದಲ್ಲಿ ಒಬ್ಬ ಪರಿಚಯವಿಲ್ಲದ ಗಂಡಸಿನ ಕಾಲ ಬಳಿ ತಲೆ ಬಗ್ಗಿಸುವುದು. ಶಾಲೆಯ ಮಕ್ಕಳು ನೋಡಿದರೆ ವರ್ಷವೆಲ್ಲ ನಗುತ್ತಾರೆ. ಅಮ್ಮ ಇದ್ದಿದ್ದರೆ ಎದೆ ಒಡೆದುಕೊಳ್ಳುತ್ತಿದ್ದಳು. ಆದರೆ ಅಲ್ಲಿಂದ ಏನು ಕಾಣುತ್ತದೆ, ಆ ತಲೆಗೆ ಏನಾಗುತ್ತಿತ್ತು ಎಂದು ತಿಳಿಯುವ ಆಸೆ ನಾಚಿಕೆಗಿಂತ ದೊಡ್ಡದಾಗಿತ್ತು. ಕನ್ನಡಕ ತೆಗೆದು ಕ್ಯಾಮೆರಾದ ಪಕ್ಕ ಇಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಗ್ಗಿದಳು. ಅವನ ಎರಡು ಮಂಡಿಗಳ ನಡುವೆ ತಲೆ ತೂರಿದಾಗ ಇಸ್ತ್ರಿಯ, ನೋವಿನ ಎಣ್ಣೆಯ ವಾಸನೆ ಬಂತು. ಕಂಬಳಿಯ ಬೂದು ಎಳೆಗಳು, ದೀಪದ ವೈರು, ಆಚೆ ಒಂದು ಗೇಣು ಗೋಡೆ, ಬೇರೇನೂ ಇಲ್ಲ. ಇಲ್ಲಿಂದ ಯಾರ ಮುಖವೂ ಕಾಣುವುದಿಲ್ಲ. ಯಾರ ತುಟಿಯೂ ಕಾಣುವುದಿಲ್ಲ. ಅವಳ ಪಾಲಿಗೆ ಅದು ಜಗತ್ತು ಪೂರ್ತಿ ಆರಿಹೋದ ಹಾಗೆ. "ಬೇಡ," ಎಂದಳು, ಕೆಲಸಕ್ಕೆಂದು. "ಬೇಗ," ಎಂದಳು. ಮೂರನೆಯ ಸಲ ಹೇಳಲು ಹೋದವಳಿಗೆ ತಲೆ ಒಂದಿಷ್ಟು ಸುತ್ತಿದಂತಾಗಿ, ಕೈ ತಾನಾಗಿ ಮುಂದೆ ಹೋಗಿ ಅವನ ತೊಡೆಯನ್ನು ಹಿಡಿಯಿತು. ಒಂದೇ ಒಂದು ಸಲ, ಗಟ್ಟಿಯಾಗಿ.

ಮಂಡಿಗಳು ತಟ್ಟನೆ ಅಗಲವಾದವು. ಅವನು ಹಿಂದೆ ಸರಿದು ಅವಳ ತೋಳು ಹಿಡಿದು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದ. ಕನ್ನಡಕ ಹುಡುಕಿ ಕೊಟ್ಟ. ಅವಳು ಹಾಕಿಕೊಂಡು ನೋಡಿದಾಗ ಅವನ ಬಾಯಿ ಅಲುಗುತ್ತಿತ್ತು, ಆದರೆ ಪದಗಳು ಇರಲಿಲ್ಲ.

"ಹೆದರಿಕೆ ಆಯ್ತಾ?" ಎಂದ ಕೊನೆಗೆ.

"ಸ್ವಲ್ಪ."

"ಅದೇ," ಎಂದ. ಕಂಬಳಿಯ ಮೇಲೆ ಅವಳೆದುರು ಕಷ್ಟಪಟ್ಟು ಕೂತ. "ಅವನೂ ಹೀಗೇ ಹಿಡಿದ. ಒಂದು ಸಲ. ಎರಡು ಸಲ ಒತ್ತಬೇಕಿತ್ತು. ಒಂದು ಸಲಕ್ಕೆ ನಮ್ಮಲ್ಲಿ ಅರ್ಥ ಇರಲಿಲ್ಲ. ಇನ್ನೊಂದು ಒತ್ತು ಬರುತ್ತೆ ಅಂತ ನಾನು ಕಾಯಬೇಕಿತ್ತು. ಜನ ಕೂಗ್ತಿದ್ರು, ಹೊತ್ತಾಗಿತ್ತು, ನಾನು ಎತ್ತಿದೆ. ವಿಚಾರಣೆಯಲ್ಲಿ ಎರಡು ಅಂದೆ. ಹೆಂಡತಿಗೂ ಎರಡು ಅಂದೆ. ಹೇಳ್ತಾ ಹೇಳ್ತಾ ನನಗೂ ಎರಡೇ ಆಗಿಹೋಗಿತ್ತು." ಅವನು ತನ್ನ ತೊಡೆಯ ಮೇಲೆ, ಅವಳು ಹಿಡಿದ ಜಾಗದಲ್ಲಿ, ಅಂಗೈ ಇಟ್ಟುಕೊಂಡ. "ಆಮೇಲೆ ಈಜು ಕಲಿಸೋಕೆ ಹೋದೆ ನೋಡಿ. ಮೊದಲ ದಿನ ನೀರಿಗೆ ಇಳಿಯೋ ಮಗು ತೋಳನ್ನ ಹೀಗೇ ಹಿಡಿಯುತ್ತೆ. ಪ್ರತಿಯೊಂದು ಮಗೂನೂ. ಮೂವತ್ತು ವರ್ಷ."

"ಚಿನ್ನ ಅವರನ್ನ ನೀವು ಕೇಳಲಿಲ್ವಾ?"

"ತಿಂಗಳಿಗೊಂದು ಸಲ ಹೋಗ್ತಿದ್ದೆ. ಉಗುರು ಕತ್ತರಿಸ್ತಿದ್ದೆ, ಪೇಪರ್ ಓದಿ ಹೇಳ್ತಿದ್ದೆ. ಒಂದೇ ಒಂದು ಸಲ ಕೇಳಿದೆ. ನೆನಪಿಲ್ಲ ಅಂದ." ಗರಗಸ ಕಿಟಕಿಯೇ ಇಲ್ಲದ ಗೋಡೆಯ ಕಡೆ ನೋಡಿದ, ಆಮೇಲೆ ಅವಳಿಗೆ ಕಾಣಬೇಕೆಂದು ಜ್ಞಾಪಿಸಿಕೊಂಡವನ ಹಾಗೆ ಮುಖವನ್ನು ಮತ್ತೆ ಅವಳ ಕಡೆ ತಂದ. "ನನ್ನ ಮುಖ ನೋಡದೆ ಅಂದ. ಕತ್ತು ತಿರುಗಿಸೋಕೆ ಆಗದವನು, ಕಣ್ಣು ಮಾತ್ರ ಆ ಕಡೆ ಮಾಡ್ಕೊಂಡು ನೆನಪಿಲ್ಲ ಅಂದ. ನೆನಪಿತ್ತು ಮೇಡಂ ಅವನಿಗೆ. ಆ ನೆನಪಿಲ್ಲ ಅನ್ನೋ ಮಾತನ್ನ ನನಗೆ ಕೊಟ್ಟುಬಿಟ್ಟ."

ಕ್ಯಾಂಟೀನಿನ ಉಕ್ಕಿನ ಜಗ್ಗು, ಅದರ ಕಡೆ ತಿರುಗಿದ ಅಕ್ಕನ ಕೆನ್ನೆ, ಅಲುಗಿದ ಸ್ನಾಯು ಟೀಚರ ಕಣ್ಣ ಮುಂದೆ ಬಂದು ನಿಂತವು. ಕೊಟ್ಟುಬಿಡುವುದು ಎಂದರೆ ಹೀಗಿರುತ್ತದೆಯೇ? ಮೊಸರು ಹುಳಿ ಬಂದಿದೆ ಎನ್ನುವಷ್ಟು ಸಣ್ಣದಾಗಿ? ಅವಳಿಗೆ ಅಳು ಬರಲಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿ ಉಂಡು ಮಲಗಿದ ಆ ಹೆಂಗಸನ್ನು ಇವತ್ತೇ ಮೊದಲ ಸಲ ನೋಡಬೇಕು ಎನ್ನುವಂಥ ಒಂದು ಆತುರ ಬಂತು.

ಬಾಗಿಲು ತೆರೆದು ನಿರ್ದೇಶಕಿ ಇಣುಕಿದಳು. ನೆಲದ ಮೇಲೆ ಕೂತ ಮುದುಕನನ್ನೂ ಕೆದರಿದ ತಲೆಯ ಟೀಚರನ್ನೂ ನೋಡಿ ಅಲ್ಲೇ ನಿಂತಳು. "ಪದ?" ಎಂದಳು.

"ಎರಡನ್ನೂ ಹಾಕಿ," ಎಂದಳು ಟೀಚರ್. "ಬೇಡ, ಅಥವಾ ಬೇಗ. ಓದಿದವಳಿಗೆ ಗೊತ್ತಾಗಲಿಲ್ಲ ಅಂತ ಹಾಕಿ. ನನ್ನ ಹೆಸರೂ ಹಾಕಬಹುದು."

"ಹಾಗೆ ಹಾಕಿದ್ರೆ ಜನ—"

"ಮಗಾ," ಎಂದ ಗರಗಸ, ಕುರ್ಚಿಯ ಕಾಲು ಹಿಡಿದು ಏಳುತ್ತಾ. "ಕ್ಯಾಮೆರಾ ಹಾಕು. ನಾನು ಹೇಳೋದಿದೆ."

ಟೀಚರನ್ನು ಹೊರಗೆ ಕಳುಹಿಸಿ ಬಾಗಿಲು ಹಾಕಿದರು. ಗಾಜಿನ ಈಚೆ, ಕಂಟ್ರೋಲ್ ರೂಮಿನಲ್ಲಿ, ಎಡಿಟರ್ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಗುಂಡಿಗಳನ್ನು ತಿರುಗಿಸುತ್ತಿದ್ದ. ಅಕ್ಕ ಸೋಫಾದಲ್ಲಿ ಪರ್ಸನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದವಳು ತಂಗಿಯ ತಲೆ ನೋಡಿ, "ಏನೇ ಇದು ಅವತಾರ?" ಎಂದು ಎದ್ದು ಬಂದು ಬಾಚಣಿಗೆ ತೆಗೆದಳು. ಟೀಚರ್ ಅವಳ ಕೈ ಹಿಡಿದು ಪಕ್ಕದಲ್ಲೇ ನಿಲ್ಲಿಸಿಕೊಂಡಳು. ಒಳಗೆ ದೀಪ ಹತ್ತಿತು. ಗರಗಸನ ನೆರೆತ ಹುಬ್ಬುಗಳು ಬೆಳ್ಳಗೆ ಹೊಳೆದವು. ನಿರ್ದೇಶಕಿ ಕ್ಯಾಮೆರಾದ ಪಕ್ಕ ಕೂತು ಲೆನ್ಸನ್ನು ತೋರಿಸಿದಳು, ಇಲ್ಲಿ ನೋಡಿ ಎಂದು.

ಇಷ್ಟು ವರ್ಷ ಟೀಚರ್ ಓದಿದ್ದು ಬೇರೆಯವರಿಗೆಂದು ಆಡಿದ ಮಾತು. ರಸ್ತೆಯಾಚೆಯದು, ಬಾಗಿಲ ಸಂದಿನದು, ಸತ್ತವನು ತೊಡೆಗಳ ನಡುವಿನಿಂದ ಆಡಿದ್ದು. ಈಗಲೂ ಅದೇ ಅಭ್ಯಾಸಕ್ಕೆ ಅವಳ ಕಣ್ಣು ಗಾಜಿಗೆ ಅಂಟಿತು, ಮತ್ತು ಅದೇ ಅಭ್ಯಾಸದ ನಾಚಿಕೆಯಿಂದ ಅವಳು ಇನ್ನೇನು ತಲೆ ತಗ್ಗಿಸುವುದರಲ್ಲಿದ್ದಳು. ಅಷ್ಟರಲ್ಲಿ ಮುದುಕ ಲೆನ್ಸಿನಿಂದ ಮುಖ ಎತ್ತಿದ. ದೀಪದ ಬೆಳಕಿಗೆ ಕಣ್ಣು ಕಿರಿದು ಮಾಡಿ ಗಾಜಿನುದ್ದಕ್ಕೂ ಹುಡುಕಿ, ಅವಳು ನಿಂತ ಜಾಗ ಸಿಕ್ಕಿದ ಮೇಲೆ ನೋಟವನ್ನು ಅಲ್ಲೇ ನಿಲ್ಲಿಸಿದ. ನಿರ್ದೇಶಕಿ ಕೈಯಾಡಿಸಿ ಕ್ಯಾಮೆರಾ, ಕ್ಯಾಮೆರಾ ಎಂದಳು. ಅವನು ಕದಲಲಿಲ್ಲ. ತುಟಿಗಳನ್ನು ಒಮ್ಮೆ ನಾಲಿಗೆಯಿಂದ ಒದ್ದೆ ಮಾಡಿಕೊಂಡು, ಅಗಲಿಸದೆ, ಅವಸರವಿಲ್ಲದೆ, ಒಂದೊಂದೇ ಪದವನ್ನು ಅವಳಿಗೆ ಕಾಣುವಂತೆ ಇಡತೊಡಗಿದ. ಒಂದೇ. ಸಲ. ಒತ್ತಿದ.

ಟೀಚರ್ ಅಕ್ಕನ ಕೈ ಬಿಡದೆ ಕುರ್ಚಿಯನ್ನು ಗಾಜಿನ ಹತ್ತಿರಕ್ಕೆ ಎಳೆದುಕೊಂಡು ಕೂತಳು.